ಎದೆಹಾಲು ಬಿಡಿಸುವಾಗ ಯಾವ ಹಾಲು ಕೊಡಬೇಕು?

ಪ್ರಶ್ನೆ: ನನ್ನ ಮಗನಿಗೆ ಈಗ 14 ತಿಂಗಳು. ದಿನಕ್ಕೆ ಐದಾರು ಸಲ ಎದೆಹಾಲು ಕುಡಿಯುತ್ತಾನೆ, ರಾತ್ರಿಯೂ ಏಳುತ್ತಾನೆ. ಇನ್ನೆರಡು ತಿಂಗಳಲ್ಲಿ ನಾನು ಪೂರ್ತಿ ದಿನದ ಕೆಲಸಕ್ಕೆ ಹೋಗಬೇಕು, ಅಷ್ಟರೊಳಗೆ ಬಿಡಿಸಬೇಕು ಅಂದುಕೊಂಡಿದ್ದೇನೆ. ಹಸುವಿನ ಹಾಲು ಕೊಟ್ಟರೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಉಗುಳಿಬಿಡುತ್ತಾನೆ. ಕಳೆದ ತಿಂಗಳು ಭೇದಿಯಾಗಿ ವಾಸಿಯಾದ ಮಾರನೇ ದಿನ ಪುಸಲಾಯಿಸಿ ಒಂದು ಲೋಟ ಕುಡಿಸಿದೆವು, ಮತ್ತೆ ಹೊಟ್ಟೆ ಕೆಟ್ಟಿತು. ಅವನಿಗೆ ಲ್ಯಾಕ್ಟೋಸ್ ಆಗುವುದಿಲ್ಲ ಎಂದು ಮನೆಯಲ್ಲಿ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದಾರೆ. ಮೊಸರು ಮಾತ್ರ ಇಷ್ಟಪಟ್ಟು ತಿನ್ನುತ್ತಾನೆ. ಅತ್ತೆ ಮೇಕೆ ಹಾಲು ಕೊಡು ಅನ್ನುತ್ತಾರೆ, ಗೆಳತಿ ಬಾದಾಮಿ ಹಾಲು ಅನ್ನುತ್ತಾಳೆ, ಅಂಗಡಿಗೆ ಹೋದರೆ ವರ್ಷ ತುಂಬಿದ ಮಕ್ಕಳಿಗೆಂದೇ ಪುಡಿಯ ಡಬ್ಬಗಳ ಸಾಲು. ಯಾವುದನ್ನು ಕೊಡಲಿ, ಎಷ್ಟು ಕೊಡಲಿ?

ಉತ್ತರ: ನೇರ ಉತ್ತರವನ್ನು ಮೊದಲೇ ಕೊಟ್ಟುಬಿಡುತ್ತೇನೆ, ಉಳಿದದ್ದನ್ನು ಮಗು ಮಲಗಿದ ಮೇಲೆ ಓದಿಕೊಳ್ಳಿ. ಕೆನೆ ತೆಗೆಯದ, ಸಕ್ಕರೆ ಬೆರೆಸದ, ಪಾಶ್ಚರೀಕರಿಸಿದ ಅಥವಾ ಚೆನ್ನಾಗಿ ಕುದಿಸಿದ ಮಾಮೂಲಿ ಹಸುವಿನ ಹಾಲೇ ನಿಮ್ಮ ಮಗನಿಗೆ ಸಾಕು. ಪೂರ್ತಿ ಬಿಡಿಸಿದ ಮೇಲೆ ಮೊಸರನ್ನೂ ಲೆಕ್ಕಕ್ಕೆ ಹಿಡಿದು ದಿನಕ್ಕೆ 350ರಿಂದ 500 ಮಿ.ಲೀ. ಇರಲಿ, ಅದಕ್ಕಿಂತ ಹೆಚ್ಚು ಬೇಡ. ಹಾಲನ್ನು ಮುಟ್ಟುವುದೇ ಇಲ್ಲ ಎಂದರೆ ಆ ಲೆಕ್ಕವನ್ನು ಮೊಸರಿನಲ್ಲೇ ತುಂಬಿಸಬಹುದು. ಮೇಕೆ ಹಾಲು ಕೊಟ್ಟರೆ ತಪ್ಪಿಲ್ಲ, ಕೊಡದಿದ್ದರೆ ನಷ್ಟವೂ ಇಲ್ಲ. ಬಾದಾಮಿ ಹಾಲು ಮತ್ತು ಡಬ್ಬದ ಪುಡಿ ಎರಡೂ ಬೇಡ.

ಲ್ಯಾಕ್ಟೋಸ್ ವಿಷಯವನ್ನು ಮೊದಲು ಇತ್ಯರ್ಥ ಮಾಡೋಣ, ಇಲ್ಲದಿದ್ದರೆ ನೀವು ಯಾವ ಹಾಲನ್ನೂ ನೆಮ್ಮದಿಯಿಂದ ಕೊಡಲಾರಿರಿ. ಲ್ಯಾಕ್ಟೋಸ್ ಎಂದರೆ ಹಾಲಿನಲ್ಲಿ ಹುಟ್ಟಿನಿಂದಲೇ ಇರುವ ಸಕ್ಕರೆ. ಹಸುವಿನ ಹಾಲಿನಲ್ಲಿ 100 ಮಿ.ಲೀ.ಗೆ ಸುಮಾರು 4.7 ಗ್ರಾಂ ಇರುತ್ತದೆ. ಎದೆಹಾಲಿನಲ್ಲಿ ಎಷ್ಟಿರುತ್ತದೆ ಗೊತ್ತೇ? ಸುಮಾರು 7 ಗ್ರಾಂ. ಅಂದರೆ ನಿಮ್ಮ ಮಗ ದಿನಕ್ಕೆ ಐದಾರು ಸಲ, ಹಸುವಿನ ಹಾಲಿನಲ್ಲಿರುವುದಕ್ಕಿಂತ ಹೆಚ್ಚು ಲ್ಯಾಕ್ಟೋಸ್ ಇರುವ ಹಾಲನ್ನು ಕುಡಿದು ಅರಗಿಸಿಕೊಂಡು ಆಡಿಕೊಂಡಿದ್ದಾನೆ. ಲ್ಯಾಕ್ಟೋಸ್ ಆಗದ ಮಗುವಿಗೆ ಇದು ಸಾಧ್ಯವೇ ಇಲ್ಲ. ಹುಟ್ಟಿನಿಂದಲೇ ಲ್ಯಾಕ್ಟೋಸ್ ಅರಗದ ಕಾಯಿಲೆ ಇದೆ ನಿಜ, ಆದರೆ ತೀರಾ ಅಪರೂಪ, ಅದು ಹುಟ್ಟಿದ ಮೊದಲ ದಿನಗಳಲ್ಲೇ ಗೊತ್ತಾಗಿಬಿಡುತ್ತದೆ. ದೊಡ್ಡವರಲ್ಲಿ ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುತ್ತದಲ್ಲ, ಆ ತರಹದ್ದು ಸಾಮಾನ್ಯವಾಗಿ ಈ ವಯಸ್ಸಿನಲ್ಲಿ ಶುರುವಾಗುವುದಿಲ್ಲ.

ಹಾಗಾದರೆ ಮತ್ತೆ ಹೊಟ್ಟೆ ಕೆಟ್ಟದ್ದೇಕೆ? ಭೇದಿಯಾದಾಗ ಸಣ್ಣಕರುಳಿನ ಒಳಪದರದ ಮೇಲ್ಭಾಗ ಸವೆಯುತ್ತದೆ. ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಇರುವುದು ಸರಿಯಾಗಿ ಆ ತುದಿಯಲ್ಲೇ. ಭೇದಿ ನಿಂತ ಕೂಡಲೇ ಅದು ಮರಳಿ ಬರುವುದಿಲ್ಲ, ಕೆಲವು ದಿನಗಳಿಂದ ಕೆಲವು ವಾರ ಹಿಡಿಯುತ್ತದೆ. ಆ ಸ್ಥಿತಿಯಲ್ಲಿ ಅಭ್ಯಾಸವೇ ಇಲ್ಲದ ಹಾಲನ್ನು, ಅದೂ ಒಂದು ಲೋಟ ಒಟ್ಟಿಗೆ, ಬಹುಶಃ ಬರಿಹೊಟ್ಟೆಗೆ ಕೊಟ್ಟರೆ ಯಾವ ಮಗುವಿಗಾದರೂ ಸ್ವಲ್ಪ ಸಡಿಲವಾಗಬಹುದು. ಮೊಸರು ಆಗಿಬಂದದ್ದಕ್ಕೂ ಇದೇ ಕಾರಣ: ಹೆಪ್ಪಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸಿನ ಒಂದಂಶವನ್ನು ಮೊದಲೇ ತಿಂದಿರುತ್ತವೆ, ಉಳಿದದ್ದನ್ನು ಅರಗಿಸಲೂ ನೆರವಾಗುತ್ತವೆ. ಅದಾಗಿ ಒಂದು ತಿಂಗಳಾಯಿತು, ಈಗ ಕರುಳು ಸುಧಾರಿಸಿರುತ್ತದೆ. ಎರಡು ಚಮಚದಿಂದ, ಊಟದ ಜೊತೆಗೆ, ಮತ್ತೆ ಶುರುಮಾಡಿ. ಒಂದು ವೇಳೆ ಸ್ವಲ್ಪ ತೊಂದರೆ ಉಳಿದಿದ್ದರೆ ಲ್ಯಾಕ್ಟೋಸ್ ತೆಗೆದ ಹಸುವಿನ ಹಾಲನ್ನು ಕೆಲವು ವಾರ ಕೊಡಬಹುದು. ಅದು ಹಸುವಿನ ಹಾಲೇ, ಪ್ರೋಟೀನು ಕ್ಯಾಲ್ಸಿಯಂ ಎಲ್ಲ ಅಷ್ಟೇ ಇರುತ್ತದೆ, ರುಚಿ ಮಾತ್ರ ಒಂದಿಷ್ಟು ಸಿಹಿ.

ಮೊಸರಿನ ವಿಷಯದಲ್ಲಿ ಇನ್ನೊಂದು ಸಮಾಧಾನವೂ ಇದೆ. ಲ್ಯಾಕ್ಟೋಸ್ ಆಗದಿರುವುದು ಬೇರೆ, ಹಾಲಿನ ಅಲರ್ಜಿ ಬೇರೆ. ಅಲರ್ಜಿ ಬರುವುದು ಹಾಲಿನ ಪ್ರೋಟೀನಿಗೆ, ಅದೇ ಪ್ರೋಟೀನು ಮೊಸರಿನಲ್ಲೂ ಇದೆ. ದಿನಾ ಮೊಸರು ತಿಂದು ಆರಾಮಾಗಿರುವ ಮಗುವಿಗೆ ಹಸುವಿನ ಹಾಲಿನ ಅಲರ್ಜಿ ಇರುವ ಸಂಭವ ತೀರಾ ಕಡಿಮೆ. ಇದನ್ನು ಓದುತ್ತಿರುವ ಬೇರೆ ತಾಯಂದಿರಿಗಾಗಿ ಹೇಳುತ್ತೇನೆ: ಹಾಲೋ ಮೊಸರೋ ತಿಂದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಮೈಮೇಲೆ ದದ್ದು ಎದ್ದರೆ, ತುಟಿ ಕಣ್ಣು ಊದಿಕೊಂಡರೆ, ಮೇಲಿಂದ ಮೇಲೆ ವಾಂತಿಯಾದರೆ, ಮನೆಯಲ್ಲೇ ಮತ್ತೊಮ್ಮೆ ಕೊಟ್ಟು ಪರೀಕ್ಷೆ ಮಾಡಲು ಹೋಗಬೇಡಿ, ವೈದ್ಯರನ್ನು ಕಾಣಿ. ಉಸಿರಾಟದಲ್ಲಿ ಸುಯ್ ಸುಯ್ ಸದ್ದು ಬಂದರೆ, ಮಗು ಜೋಲುಬಿದ್ದರೆ, ಅದು ತುರ್ತು. ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಮಲದಲ್ಲಿ ರಕ್ತ ಅಥವಾ ಲೋಳೆ, ಬಿಡದ ಇಸುಬು, ತೂಕ ಏರದಿರುವುದು, ಇವು ನಿಧಾನವಾಗಿ ತೋರುವ ಅಲರ್ಜಿಯ ಲಕ್ಷಣವೂ ಆಗಿರಬಹುದು.

ಇನ್ನು, ಪೂರ್ತಿ ಬಿಡಿಸಲೇಬೇಕೆ? ನಿಮ್ಮ ಪತ್ರದಲ್ಲಿ ಕೆಲಸವೇ ಕಾರಣವೆಂದಿದೆ, ಅದಕ್ಕೇ ಕೇಳುತ್ತಿದ್ದೇನೆ. ಈ ವಯಸ್ಸಿನಲ್ಲಿ ಹಗಲು ಹೊತ್ತು ನೀವಿಲ್ಲದಿದ್ದರೆ ಮಗು ಊಟ, ತಿಂಡಿ, ನೀರಿನಲ್ಲಿ ಹಗಲು ಕಳೆದು ಬೆಳಿಗ್ಗೆ ಸಂಜೆ ಎದೆಹಾಲು ಕುಡಿಯಬಲ್ಲದು. ಹಾಲು ಹಿಂಡಿಡುವ ಗೊಡವೆಯೂ ಇರುವುದಿಲ್ಲ, ಎದೆ ಕೆಲವೇ ದಿನಗಳಲ್ಲಿ ಹೊಸ ಲೆಕ್ಕಕ್ಕೆ ಹೊಂದಿಕೊಳ್ಳುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಎದೆಹಾಲು ಕುಡಿಯುವ ಮಗುವಿಗೆ ಬೇರೆ ಹಾಲು ಕುಡಿಸಲೇಬೇಕೆಂದೇನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷದವರೆಗೆ, ಬೇಕಿದ್ದರೆ ಅದರಾಚೆಗೂ ಮುಂದುವರಿಸಿ ಅನ್ನುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2022ರಲ್ಲಿ ತನ್ನ ಸಲಹೆಯನ್ನು ಪರಿಷ್ಕರಿಸಿ, ಎರಡು ವರ್ಷ ಮತ್ತು ಆಮೇಲೂ ಮುಂದುವರಿಸಲು ಬಯಸುವ ತಾಯಂದಿರಿಗೆ ಬೆಂಬಲ ಸೂಚಿಸಿತು. ಇಷ್ಟು ಹೇಳಿದ ಮೇಲೆ, ಸಾಕು ಅನ್ನಿಸಿದ್ದರೆ ಸಾಕು. ಸುಸ್ತಾಗಿದೆ, ನಿದ್ದೆ ಬೇಕು, ಮೈ ನನ್ನದಾಗಿರಬೇಕು ಅನ್ನುವುದು ಕೆಲಸಕ್ಕಿಂತ ಚಿಕ್ಕ ಕಾರಣವೇನಲ್ಲ, ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಒಂದೇ ಒಂದು ಕಡೆ ಮಾತ್ರ ತಡೆದು ಕೇಳುತ್ತೇನೆ: ಯಾವುದೋ ಮಾತ್ರೆ ಶುರುಮಾಡಬೇಕಾಗಿದೆ ಎಂಬ ಕಾರಣಕ್ಕೆ ಯಾರಾದರೂ ಬಿಡಿಸಿ ಅಂದಿದ್ದರೆ, ಇನ್ನೊಬ್ಬ ವೈದ್ಯರನ್ನು ಕೇಳಿ. ಸಾಮಾನ್ಯ ಬಳಕೆಯ ಬಹಳಷ್ಟು ಔಷಧಿಗಳನ್ನು ಎದೆಹಾಲು ಕೊಡುತ್ತಲೇ ತೆಗೆದುಕೊಳ್ಳಬಹುದು, ಇಲ್ಲವಾದರೆ ಬದಲಿ ಔಷಧಿ ಸಿಗುತ್ತದೆ.

ಬಿಡಿಸಿದಾಗ ಏನು ಕಡಿಮೆಯಾಗುತ್ತದೆ ಎಂಬುದನ್ನು ನೋಡಿದರೆ ಏನು ತುಂಬಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ಒಂದರಿಂದ ಎರಡು ವರ್ಷದೊಳಗಿನ ಮಗುವಿಗೆ ದಿನಕ್ಕೆ ಸುಮಾರು 900 ಕಿಲೋಕ್ಯಾಲರಿ ಬೇಕು. ಸರಾಸರಿ ಪ್ರಮಾಣದಲ್ಲಿ ಎದೆಹಾಲು ಕುಡಿಯುವ ಮಗುವಿಗೆ ಅದರಲ್ಲಿ 550ರಷ್ಟು ಊಟದಿಂದಲೇ ಬರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಹಾಗಾದರೆ ನೀವು ತುಂಬಬೇಕಾದದ್ದು 350 ಕಿಲೋಕ್ಯಾಲರಿ ಆಸುಪಾಸು. 350 ಮಿ.ಲೀ. ಕೆನೆಸಹಿತ ಹಾಲಿನಿಂದ ಸುಮಾರು 220 ಬರುತ್ತದೆ, ಉಳಿದದ್ದಕ್ಕೆ ತಟ್ಟೆಯಲ್ಲಿ ಒಂದು ಮೊಟ್ಟೆಯೋ, ಊಟಕ್ಕೆ ಒಂದು ಚಮಚ ಬೆಣ್ಣೆ ಅಥವಾ ಎಣ್ಣೆಯೋ, ಒಂದು ಬಾಳೆಹಣ್ಣೋ, ಇವುಗಳಲ್ಲಿ ಯಾವುದಾದರೂ ಎರಡು ಇದ್ದರೆ ಸಾಕು. ಇಲ್ಲೇ ಬಹಳ ಮನೆಗಳಲ್ಲಿ ದಾರಿ ತಪ್ಪುವುದು. ಎದೆಹಾಲು ಹೋಯಿತಲ್ಲ ಎಂಬ ಆತಂಕಕ್ಕೆ ಅದರ ಜಾಗವನ್ನು ಪೂರ್ತಿ ಬೇರೆ ಹಾಲಿನಿಂದಲೇ ತುಂಬಲು ಹೊರಡುತ್ತಾರೆ. ಆರು ಸಲ ಕುಡಿಯುತ್ತಿತ್ತು, ಆರು ಬಾಟಲಿ ಕೊಡೋಣ ಅನ್ನುತ್ತಾರೆ. ವರ್ಷ ತುಂಬಿದ ಮಗುವಿಗೆ ಹಾಲು ಊಟದ ಒಂದು ಭಾಗವಷ್ಟೇ.

ಹೀಗೆ ಹಾಲಿನ ಮೇಲೇ ಬೆಳೆದು ವೈದ್ಯರ ಬಳಿಗೆ ಬರುವ ಮಗುವನ್ನು ಬಾಗಿಲಲ್ಲೇ ಗುರುತಿಸಬಹುದು. ಒಂದೂವರೆ ವರ್ಷ, ಗುಂಡುಗುಂಡಾಗಿರುತ್ತದೆ, ತೂಕ ಚೆನ್ನಾಗಿದೆ, ಕೆನ್ನೆ ತುಂಬಿದೆ. ಆದರೆ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪಿಲ್ಲ, ಅಂಗೈ ಬಿಳಿಚಿಕೊಂಡಿದೆ. ಏನೂ ತಿನ್ನುವುದಿಲ್ಲ ಡಾಕ್ಟ್ರೇ, ಪುಣ್ಯಕ್ಕೆ ಹಾಲಾದರೂ ಕುಡಿಯುತ್ತೆ ಅನ್ನುತ್ತಾರೆ. ಎಷ್ಟು ಅಂತ ಕೇಳಿದರೆ ಲೀಟರಿಗೆ ಕಡಿಮೆ ಇರುವುದಿಲ್ಲ. ಕೆಲವು ಮಕ್ಕಳು ಮಣ್ಣು, ಗೋಡೆಯ ಸುಣ್ಣ ತಿನ್ನಲು ಶುರುಮಾಡಿರುತ್ತವೆ, ಅದೂ ಕಬ್ಬಿಣಾಂಶ ಕಡಿಮೆಯಾದಾಗ ಕಾಣುವ ಚಿಹ್ನೆ. ಈ ವಯಸ್ಸಿಗೆ ಕಬ್ಬಿಣ ದಿನಕ್ಕೆ ಸುಮಾರು 7 ಮಿ.ಗ್ರಾಂ ಬೇಕು, ಒಂದು ಲೀಟರ್ ಹಸುವಿನ ಹಾಲಿನಲ್ಲಿ ಅರ್ಧ ಮಿ.ಗ್ರಾಂ ಸಿಕ್ಕಿದರೆ ಹೆಚ್ಚು. ಇರುವ ಹೊಟ್ಟೆಯನ್ನು ಹಾಲು ತುಂಬಿಬಿಡುತ್ತದೆ, ಜೊತೆಗೆ ಅದರ ಕ್ಯಾಲ್ಸಿಯಂ ಮತ್ತು ಕೇಸಿನ್ ಪ್ರೋಟೀನು ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ಅಡ್ಡಬರುತ್ತವೆ. ಮಗು ತಿನ್ನುವುದಿಲ್ಲವೆಂದು ಹಾಲು, ಹಾಲಿನಿಂದಾಗಿ ಮತ್ತೆ ತಿನ್ನುವುದಿಲ್ಲ. ಮಲಬದ್ಧತೆ ಬೇರೆ. ಈ ಕಾರಣಕ್ಕೇ 500 ಮಿ.ಲೀ. ಎಂಬ ಮಿತಿಯನ್ನು ನಾನು ಅಷ್ಟು ಒತ್ತಿ ಹೇಳುವುದು. ಯಾವ ಹಾಲು ಎಂಬ ಆಯ್ಕೆಯಲ್ಲಿ ಆಗುವ ತಪ್ಪಿಗಿಂತ ಎಷ್ಟು ಎಂಬಲ್ಲಿ ಆಗುವ ತಪ್ಪು ಹೆಚ್ಚು ಮಕ್ಕಳನ್ನು ಕಾಡುತ್ತದೆ. ಬೇಳೆ, ಕಾಳು, ಮೊಟ್ಟೆ, ತಿನ್ನುವವರಾದರೆ ಮಾಂಸ, ಇವುಗಳ ಜೊತೆ ನಿಂಬೆ, ಟೊಮೆಟೊ, ಕಿತ್ತಳೆಯಂಥ ಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಹಾಲನ್ನು ಊಟದ ಜೊತೆಗಿಂತ ಎರಡು ಊಟಗಳ ನಡುವೆ ಕೊಡುವುದು ವಾಸಿ. ಮೊದಲ ಕೆಲವು ದಿನ ಹೊಟ್ಟೆಗೆ ಒಗ್ಗಿಸಲು ಮಾತ್ರ ಊಟದ ಜೊತೆ ಎಂದೆ.

ಈಗ ಪ್ರಾಣಿಹಾಲುಗಳ ಒಳಗಿನ ಆಯ್ಕೆ. ಎರಡು ವರ್ಷದವರೆಗೆ ಕೆನೆ ತೆಗೆದ ಹಾಲು ಬೇಡ, ಮಿದುಳು ಬೆಳೆಯುವ ಈ ಹೊತ್ತಿನಲ್ಲಿ ಕೊಬ್ಬು ಬೇಕೇ ಬೇಕು. ಎಮ್ಮೆ ಹಾಲು ಕೊಡಬಹುದು. ಅದರಲ್ಲಿ ಕೊಬ್ಬು ಹಸುವಿನ ಹಾಲಿನ ಸುಮಾರು ಎರಡು ಪಟ್ಟು, ಬೇಗ ಹೊಟ್ಟೆ ತುಂಬುತ್ತದೆ, ಹಾಗಾಗಿ ಅಳತೆ ಸ್ವಲ್ಪ ಕಡಿಮೆಯಿರಲಿ. ನೀರು ಬೆರೆಸಿ ತೆಳ್ಳಗೆ ಮಾಡುವ ಅಭ್ಯಾಸ ಈ ವಯಸ್ಸಿಗೆ ಬೇಡ. ನೀರು ಬೆರೆಸಿದಷ್ಟೂ ಮಗುವಿನ ಹೊಟ್ಟೆಯಲ್ಲಿ ಜಾಗ ಹೋಗುತ್ತದೆ, ಪೋಷಣೆ ಬರುವುದಿಲ್ಲ. ಎ2 ಹಾಲು ಎಂದು ಮಾರುವುದೂ ಹಸುವಿನ ಹಾಲೇ, ಬೀಟಾ ಕೇಸಿನ್ ಎಂಬ ಒಂದು ಪ್ರೋಟೀನಿನ ರೂಪದಲ್ಲಿ ಮಾತ್ರ ವ್ಯತ್ಯಾಸ. ಅಲರ್ಜಿ ಇರುವ ಮಗುವಿಗೆ ಅದರಿಂದ ರಕ್ಷಣೆಯಿಲ್ಲ. ಹಸಿ ಹಾಲು, ಅದು ಎಷ್ಟೇ ನಂಬಿಕೆಯ ಕೊಟ್ಟಿಗೆಯಿಂದ ಬಂದಿರಲಿ, ಕುದಿಸದೆ ಕೊಡಬೇಡಿ. ಬ್ರುಸೆಲ್ಲಾ, ಕ್ಷಯ, ಮೂತ್ರಪಿಂಡವನ್ನೇ ಕೆಡಿಸುವಂಥ ಇ. ಕೋಲಿ ಬಗೆಗಳು, ಈ ರೋಗಾಣುಗಳು ಹಸಿ ಹಾಲಿನಲ್ಲಿ ಬರಬಹುದು. ಕುದಿಸಿದರೆ ಸತ್ವವೆಲ್ಲ ಹೋಗುತ್ತದೆ ಎಂಬುದು ಸುಳ್ಳು. ಕ್ಯಾಲ್ಸಿಯಂ, ಕೊಬ್ಬು ಎಲ್ಲಿಗೂ ಹೋಗುವುದಿಲ್ಲ, ಕೆಲವು ವಿಟಮಿನ್‌ಗಳು ತುಸು ಕಡಿಮೆಯಾಗುತ್ತವೆ ಅಷ್ಟೆ.

ನಿಮ್ಮ ಅತ್ತೆಯವರ ಮೇಕೆ ಹಾಲಿಗೆ ಬರೋಣ. ಕೊಬ್ಬಿನ ಕಣಗಳು ಚಿಕ್ಕವು, ಬೇಗ ಅರಗುತ್ತದೆ ಎನ್ನುವುದರಲ್ಲಿ ಒಂದಿಷ್ಟು ನಿಜವಿದೆ. ಆದರೆ ಲ್ಯಾಕ್ಟೋಸ್ ಅದರಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಫೋಲೇಟ್ ಎಂಬ ಬಿ ವಿಟಮಿನ್ ಬಹಳ ಕಡಿಮೆ, ಬಿ12 ಕೂಡ ಕಡಿಮೆ. ಬೇಳೆ, ಸೊಪ್ಪು, ಮೊಟ್ಟೆ ತಿನ್ನುವ ಮಗುವಿಗೆ ಇದು ಸಮಸ್ಯೆಯಾಗದು, ಬರೀ ಮೇಕೆ ಹಾಲಿನ ಮೇಲೇ ಇರುವ ಮಗುವಿಗೆ ರಕ್ತಹೀನತೆ ಬರುತ್ತದೆ. ಹಸುವಿನ ಹಾಲಿನ ಅಲರ್ಜಿ ಇದ್ದವರು ಮೇಕೆ ಹಾಲಿಗೆ ಹೋಗುವುದಂತೂ ಅಪಾಯ, ಏಕೆಂದರೆ ಎರಡರ ಪ್ರೋಟೀನುಗಳು ಎಷ್ಟು ಹೋಲುತ್ತವೆಂದರೆ ಅಂಥ ಮಕ್ಕಳಲ್ಲಿ ಬಹುಪಾಲು ಮಂದಿಗೆ ಮೇಕೆ ಹಾಲೂ ಆಗುವುದಿಲ್ಲ. ನಿಮ್ಮ ಮನೆಯಲ್ಲಿ ಶುದ್ಧ ಮೇಕೆ ಹಾಲು ಸುಲಭವಾಗಿ ಸಿಗುತ್ತದೆ, ಮಗು ಇಷ್ಟಪಡುತ್ತದೆ ಅನ್ನುವುದಾದರೆ ಕುದಿಸಿ ಕೊಡಿ, ಅತ್ತೆಯವರಿಗೂ ಸಂತೋಷ. ಹುಡುಕಿಕೊಂಡು ಹೋಗುವ ಅಗತ್ಯ ಕಾಣೆ.

ಬಾದಾಮಿ ಹಾಲನ್ನು ನಾನು ಅಷ್ಟು ಖಡಾಖಂಡಿತವಾಗಿ ಬೇಡ ಅಂದದ್ದಕ್ಕೆ ನಿಮ್ಮ ಗೆಳತಿಗೆ ಬೇಸರವಾಗಬಹುದು. ಬಾದಾಮಿ ಒಳ್ಳೆಯದೇ. ಆದರೆ ಪೊಟ್ಟಣದಲ್ಲಿ ಬಾದಾಮಿ ಎಷ್ಟಿದೆ? ಒಮ್ಮೆ ಪೊಟ್ಟಣವನ್ನು ಹಿಂದಕ್ಕೆ ತಿರುಗಿಸಿ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ನೀರು. ಎರಡನೆಯದು ಕೆಲವದರಲ್ಲಿ ಸಕ್ಕರೆ, ಕೆಲವದರಲ್ಲಿ ಬಾದಾಮಿ. ಬಾದಾಮಿಯ ಮುಂದೆ ಬರೆದಿರುವ ಶೇಕಡಾವಾರು ಬಹಳ ಸಲ ಎರಡು ಮೂರರ ಹತ್ತಿರ ಇರುತ್ತದೆ. ಪೋಷಕಾಂಶದ ಕೋಷ್ಟಕದಲ್ಲಿ 100 ಮಿ.ಲೀ.ಗೆ ಪ್ರೋಟೀನ್ ಎಷ್ಟು ನೋಡಿ. ಹಸುವಿನ ಹಾಲಿನಲ್ಲಿ ಸುಮಾರು 3.3 ಗ್ರಾಂ ಇರುವ ಜಾಗದಲ್ಲಿ ಇಲ್ಲಿ ಅರ್ಧ ಗ್ರಾಂ ಆಸುಪಾಸು. ಈ ವಯಸ್ಸಿಗೆ ದಿನಕ್ಕೆ 13 ಗ್ರಾಂ ಪ್ರೋಟೀನ್ ಬೇಕೆಂದುಕೊಂಡರೆ 350 ಮಿ.ಲೀ. ಹಸುವಿನ ಹಾಲು ಅದರಲ್ಲಿ 11 ಗ್ರಾಂಗಿಂತ ಹೆಚ್ಚು ಕೊಡುತ್ತದೆ, ಅಷ್ಟೇ ಬಾದಾಮಿ ಹಾಲು ಎರಡು ಗ್ರಾಂ ಕೂಡ ಕೊಡುವುದಿಲ್ಲ. ಅಕ್ಕಿ ಹಾಲು, ಪೊಟ್ಟಣದ ತೆಂಗಿನ ಹಾಲಿನ ಪಾನೀಯಗಳದ್ದು ಇನ್ನೂ ಬಡತನ. ಓಟ್ಸ್ ಹಾಲು ಒಂದು ಗ್ರಾಂ ಸುತ್ತಮುತ್ತ. ಅಕ್ಕಿ ಹಾಲಿಗೆ ಇನ್ನೊಂದು ತಕರಾರೂ ಇದೆ: ಅಕ್ಕಿಯಲ್ಲಿ ಸೇರುವ ಆರ್ಸೆನಿಕ್‌ನಿಂದಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಹಾಲಿನ ಬದಲು ಅದನ್ನು ಕೊಡಬಾರದೆಂದು ಬ್ರಿಟನ್ನಿನ ಆರೋಗ್ಯ ಇಲಾಖೆ ಪೋಷಕರಿಗೆ ಹೇಳುತ್ತದೆ.

ಇದು ಬರೀ ಕಾಗದದ ಮೇಲಿನ ಲೆಕ್ಕವಲ್ಲ. 2001ರಲ್ಲಿ ಅಮೆರಿಕದ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದು ಎರಡು ವರ್ಷವೂ ತುಂಬದ ಇಬ್ಬರು ಮಕ್ಕಳ ವಿವರ ಪ್ರಕಟಿಸಿತು. ಒಂದು ಮಗುವಿಗೆ ಹಾಲಿನ ಬದಲು ಅಕ್ಕಿಯ ಪಾನೀಯ ಕೊಡುತ್ತಿದ್ದರು, ಅದಕ್ಕೆ ಪ್ರೋಟೀನ್ ಕೊರತೆಯಿಂದ ಮೈ ಊದಿಕೊಳ್ಳುವ ಕ್ವಾಶಿಯೋರ್ಕರ್ ಬಂದಿತ್ತು. ಇನ್ನೊಂದಕ್ಕೆ ವಿಟಮಿನ್ ಡಿ, ಕ್ಯಾಲ್ಸಿಯಂ ಸೇರಿಸದ ಸೋಯಾ ಪಾನೀಯ, ಅದಕ್ಕೆ ಮೂಳೆ ಬಾಗುವ ರಿಕೆಟ್ಸ್. ಎರಡೂ ಮನೆಗಳವರು ಮಗುವಿಗೆ ಒಳ್ಳೆಯದೆಂದೇ ನಂಬಿ ಕೊಟ್ಟಿದ್ದರು.

ಆದರೂ ಸಸ್ಯಮೂಲದ ಹಾಲೇ ಬೇಕಾಗುವ ಮನೆಗಳಿವೆ. ಅಲರ್ಜಿ ಇರಬಹುದು, ಪ್ರಾಣಿಮೂಲದ ಏನನ್ನೂ ಬಳಸದಿರುವ ನಿರ್ಧಾರ ಇರಬಹುದು. ಅಂಥವರಿಗೆ ಸೋಯಾ ಹಾಲು, ಅದೂ ಕ್ಯಾಲ್ಸಿಯಂ, ವಿಟಮಿನ್ ಡಿ, ಬಿ12 ಸೇರಿಸಿದ, ಸಕ್ಕರೆಯಿಲ್ಲದ ಫೋರ್ಟಿಫೈಡ್ ಬಗೆ. ಅದರಲ್ಲಿ ಪ್ರೋಟೀನ್ 100 ಮಿ.ಲೀ.ಗೆ 3 ಗ್ರಾಂ ಹತ್ತಿರ ಇರುತ್ತದೆ, ಗುಣದಲ್ಲೂ ಹಾಲಿನ ಪ್ರೋಟೀನಿಗೆ ಸಮೀಪ. ಬಟಾಣಿ ಪ್ರೋಟೀನಿನಿಂದ ಮಾಡಿದ, ಇದೇ ರೀತಿ ಪೋಷಕಾಂಶ ಸೇರಿಸಿದ ಹಾಲು ಸಿಕ್ಕರೆ ಅದೂ ನಡೆದೀತು. ಕ್ಯಾಲ್ಸಿಯಂ 100 ಮಿ.ಲೀ.ಗೆ 120 ಮಿ.ಗ್ರಾಂ ಇದೆಯೇ ಎಂದು ನೋಡಿಕೊಳ್ಳಿ, ಹಸುವಿನ ಹಾಲಿನ ಮಟ್ಟ ಅದು. ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂರುತ್ತದೆ, ಪ್ರತಿ ಸಲ ಪೊಟ್ಟಣವನ್ನು ಚೆನ್ನಾಗಿ ಕುಲುಕಿ ಬಗ್ಗಿಸಬೇಕು. ಸಾವಯವ ಎಂದು ದೊಡ್ಡದಾಗಿ ಬರೆದ ಅನೇಕ ಪೊಟ್ಟಣಗಳಲ್ಲಿ ಇವು ಯಾವುದನ್ನೂ ಸೇರಿಸಿರುವುದಿಲ್ಲ. ಮನೆಯಲ್ಲಿ ನೆನೆಸಿ ರುಬ್ಬಿ ಸೋಸಿದ ಸೋಯಾ ಹಾಲು, ಬಾದಾಮಿ ಹಾಲುಗಳದ್ದೂ ಇದೇ ಕತೆ. ಪಾಯಸಕ್ಕೆ ಹಾಕಿ, ಹಾಲಿನ ಬದಲಿಗೆ ಲೆಕ್ಕ ಹಿಡಿಯಬೇಡಿ. ಹಾಲು, ಮೊಟ್ಟೆ, ಮಾಂಸ ಯಾವುದೂ ಇಲ್ಲದ ಮನೆಯ ಮಗುವಿಗೆ ಬಿ12 ಹನಿ ಕಡ್ಡಾಯ, ಅದರಲ್ಲಿ ಚೌಕಾಸಿಯಿಲ್ಲ. ಸೋಯಾ ಕೊಟ್ಟರೆ ಗಂಡುಮಕ್ಕಳಿಗೆ ಹಾರ್ಮೋನ್ ತೊಂದರೆ ಎಂಬ ಭಯ ತುಂಬಾ ಜನರಲ್ಲಿದೆ. ದಿನಕ್ಕೆ ಒಂದೆರಡು ಲೋಟದ ಮಟ್ಟಿಗೆ ಆ ಭಯಕ್ಕೆ ಆಧಾರವಿಲ್ಲ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವ ಮಗುವಾದರೆ ಮಾತ್ರ ಸೋಯಾ ಮತ್ತು ಮಾತ್ರೆಯ ಹೊತ್ತನ್ನು ವೈದ್ಯರ ಹತ್ತಿರ ಕೇಳಿಕೊಳ್ಳಬೇಕು. ಹಾಗೆಯೇ ಸಾಬೀತಾದ ಹಾಲಿನ ಅಲರ್ಜಿಯಲ್ಲಿ ಯಾವ ಹಾಲು ಎಂಬುದನ್ನು ಚಿಕಿತ್ಸೆ ಕೊಡುವ ವೈದ್ಯರೇ ಹೇಳಬೇಕು, ಕೆಲವು ಮಕ್ಕಳಿಗೆ ಸೋಯಾ ಕೂಡ ಆಗುವುದಿಲ್ಲ.

ಪುಡಿ ಡಬ್ಬಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 6ರಿಂದ 23 ತಿಂಗಳ ಮಕ್ಕಳ ಆಹಾರದ ಬಗ್ಗೆ ಮಾರ್ಗಸೂಚಿ ಹೊರಡಿಸಿತು. 12 ತಿಂಗಳ ಮೇಲೆ ಎದೆಹಾಲಲ್ಲದೆ ಬೇರೆ ಹಾಲು ಕುಡಿಯುವ ಮಕ್ಕಳಿಗೆ ಪ್ರಾಣಿಹಾಲು ಕೊಡಿ, ಈ ಬಗೆಯ ಪುಡಿಹಾಲು ಬೇಡ ಎಂದು ಅದರಲ್ಲಿ ಸ್ಪಷ್ಟವಾಗಿ ಇದೆ. ಡಬ್ಬದ ಮೇಲೆ ಮಿದುಳಿನ ಚಿತ್ರ, ಎತ್ತರದ ಅಳತೆಗೋಲು ಎಲ್ಲ ಇರುತ್ತದೆ. ಹಿಂದೆ ತಿರುಗಿಸಿದರೆ ಸಕ್ಕರೆ ಅಥವಾ ಮಾಲ್ಟೋಡೆಕ್ಸ್ಟ್ರಿನ್ ಎಂಬ ಪಿಷ್ಟದಿಂದ ತಯಾರಿಸಿದ ಪುಡಿ, ವೆನಿಲ್ಲಾ ಪರಿಮಳ. ಸಿಹಿ ರುಚಿಗೆ ನಾಲಿಗೆ ಒಗ್ಗಿದ ಮೇಲೆ ಸಪ್ಪೆ ಹಾಲನ್ನು ಮಗು ಒಪ್ಪುವುದು ಇನ್ನೂ ಕಷ್ಟ. ಹಾಲಿಗೆ ಬೆರೆಸುವ ಚಾಕೊಲೇಟ್ ಪುಡಿಗಳಿಗೂ ಇದೇ ಮಾತು. ತೂಕ ಏರದ ಮಗುವಿಗೆ ವೈದ್ಯರು ಬರೆದುಕೊಟ್ಟ ಪುಡಿ ಇದ್ದರೆ ಅದು ಬೇರೆ, ಅದನ್ನು ನನ್ನ ಮಾತು ಕೇಳಿ ನಿಲ್ಲಿಸಬೇಡಿ.

ಇನ್ನು ಕುಡಿಸುವ ಬಗೆ. ನಿಮ್ಮ ಮಗ ಉಗುಳುತ್ತಿರುವುದು ಸಹಜ. ಎದೆಹಾಲು ಬೆಚ್ಚಗಿರುತ್ತದೆ, ಸಿಹಿಯಿರುತ್ತದೆ, ಹಸುವಿನ ಹಾಲಿಗೆ ಬೇರೆಯದೇ ವಾಸನೆ. ಸ್ವಲ್ಪ ಎದೆಹಾಲು ಹಿಂಡಿಕೊಂಡು ಮೂರು ಪಾಲು ಅದಕ್ಕೆ ಒಂದು ಪಾಲು ಹಸುವಿನ ಹಾಲು ಬೆರೆಸಿ, ಉಗುರುಬೆಚ್ಚಗೆ ಮಾಡಿ, ಪುಟ್ಟ ಲೋಟದಲ್ಲಿ ಕೊಟ್ಟು ನೋಡಿ. ಮೂರು ನಾಲ್ಕು ದಿನಕ್ಕೊಮ್ಮೆ ಹಸುವಿನ ಹಾಲಿನ ಪಾಲು ಹೆಚ್ಚಿಸುತ್ತಾ ಹೋಗಿ. ಹಿಂಡಲು ಆಗದಿದ್ದರೆ ಗಂಜಿಗೆ, ಕಲಸಿದ ಅನ್ನಕ್ಕೆ, ಹಿಸುಕಿದ ಹಣ್ಣಿಗೆ ಹಾಲು ಸೇರಿಸಿದರೂ ಹೊಟ್ಟೆಗೆ ಹೋದದ್ದು ಹೋದದ್ದೇ. ನಿಮ್ಮ ಕೈಯಿಂದ ಕುಡಿಯದ ಮಗು ಅಪ್ಪನ ಕೈಯಿಂದ, ಅಜ್ಜಿಯ ಕೈಯಿಂದ ಕುಡಿಯುವುದುಂಟು. ನಿಮ್ಮ ಮಡಿಲಲ್ಲಿ ಕೂತಾಗ ಅದಕ್ಕೆ ಬೇರೆಯದು ನೆನಪಾಗುತ್ತದೆ. ಬಾಟಲಿ ಮಾತ್ರ ಹೊಸದಾಗಿ ತರಬೇಡಿ. ಈ ವಯಸ್ಸಿನಲ್ಲಿ ಬಾಟಲಿ ಬಿಡಿಸಬೇಕು, ಹಿಡಿಸುವುದಲ್ಲ. ಬಾಯಲ್ಲಿ ಬಾಟಲಿ ಇಟ್ಟುಕೊಂಡು ಮಲಗಿದ ಮಕ್ಕಳ ಮೇಲಿನ ಮುಂಹಲ್ಲುಗಳು ಮೊದಲು ಹುಳುಕಾಗುತ್ತವೆ.

ಬಿಡಿಸುವುದನ್ನು ಹಗಲಿನ ಹಾಲಿನಿಂದ ಶುರುಮಾಡಿ. ಮಧ್ಯಾಹ್ನ ಸುಮ್ಮನೆ ಬೇಸರಕ್ಕೆ ಕುಡಿಯುವುದು ಇರುತ್ತದಲ್ಲ, ಅದು ಮೊದಲು ಹೋಗಲಿ. ಆ ಹೊತ್ತಿಗೆ ತಿಂಡಿಯೋ ಆಟವೋ ಸಿದ್ಧವಿರಲಿ. ಐದಾರು ದಿನ ಬಿಟ್ಟು ಇನ್ನೊಂದು. ಎರಡು ತಿಂಗಳು ಇರುವುದರಿಂದ ನಿಮಗೆ ಆತುರವಿಲ್ಲ. ಮಲಗುವ ಮುಂಚಿನದು ಕೊನೆಗೆ, ಏಕೆಂದರೆ ಅಲ್ಲಿ ಹಸಿವಿಗಿಂತ ನಿದ್ದೆಯ ಪ್ರಶ್ನೆ ಹೆಚ್ಚು. ಅದರ ಜಾಗಕ್ಕೆ ಒಂದು ಲೋಟ ಹಾಲು ತಂದಿಟ್ಟರೆ ಸಮಸ್ಯೆ ತೀರದು, ಅವನಿಗೆ ಅಲ್ಲಿ ಬೇಕಾದದ್ದು ಬೆನ್ನು ತಟ್ಟುವ ಕೈ, ಒಂದು ಹಾಡು, ನಿಮ್ಮದಲ್ಲದಿದ್ದರೆ ಇನ್ನೊಬ್ಬರ ಭುಜ. ರಾತ್ರಿ ಎಚ್ಚರವಾದಾಗ ನೀರು ಕೊಡಿ, ಹಾಲಲ್ಲ. ಎದೆಗೆ ಕಹಿ ಹಚ್ಚುವುದು, ಎರಡು ದಿನ ತಾಯಿಯನ್ನೇ ಬೇರೆ ಊರಿಗೆ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಮಗುವಿಗೂ ಕಷ್ಟ, ಎದೆಗೂ ಕಷ್ಟ. ಮಗುವಿಗೆ ಜ್ವರ, ಭೇದಿ ಇದ್ದಾಗ, ಹೊಸ ಶಿಶುವಿಹಾರಕ್ಕೆ ಸೇರಿಸಿದ ವಾರದಲ್ಲಿ ಬಿಡಿಸುವುದನ್ನು ಮುಂದಕ್ಕೆ ಹಾಕಿ.

ಎದೆ ಕಟ್ಟಿಕೊಂಡು ನೋವಾದರೆ ಹಾಯೆನಿಸುವಷ್ಟು ಮಾತ್ರ ಹಿಂಡಿ ತೆಗೆಯಿರಿ. ಪೂರ್ತಿ ಖಾಲಿ ಮಾಡಿದರೆ ಮತ್ತೆ ಅಷ್ಟೇ ಹಾಲು ಬರುತ್ತದೆ. ತಣ್ಣೀರಿನ ಬಟ್ಟೆ ಇಟ್ಟುಕೊಳ್ಳಬಹುದು. ಬಟ್ಟೆಯಲ್ಲಿ ಬಿಗಿಯಾಗಿ ಎದೆ ಕಟ್ಟಬೇಡಿ. ಒಂದು ಕಡೆ ಕೆಂಪಾಗಿ ಗಟ್ಟಿಯಾಗಿ ಚಳಿಜ್ವರ ಬಂದರೆ ಅಂದೇ ವೈದ್ಯರ ಬಳಿ ಹೋಗಿ. ಬಿಡಿಸಿದ ಮೊದಲ ವಾರಗಳಲ್ಲಿ ಕಾರಣವಿಲ್ಲದೆ ಅಳು ಬರುವುದು, ಮನಸ್ಸು ಕುಗ್ಗುವುದು ಕೆಲವು ತಾಯಂದಿರಿಗೆ ಆಗುತ್ತದೆ. ಹಾರ್ಮೋನ್ ಇಳಿಯುವುದೂ ಅದಕ್ಕೆ ಒಂದು ಕಾರಣ. ನಿಧಾನವಾಗಿ ಬಿಡಿಸಿದರೆ ಇದೂ ಹಗುರ. ಎರಡು ವಾರ ಕಳೆದರೂ ಹೋಗದಿದ್ದರೆ ಇದನ್ನೂ ವೈದ್ಯರ ಹತ್ತಿರ ಹೇಳಿಕೊಳ್ಳಿ.

ಬಿಡಿಸಿ ಒಂದೆರಡು ತಿಂಗಳಾದ ಮೇಲೆ ತೂಕ, ಎತ್ತರ ನೋಡಿಸಿ. ಹಿಮೋಗ್ಲೋಬಿನ್ ಪರೀಕ್ಷೆ ಇದುವರೆಗೆ ಮಾಡಿಸಿಲ್ಲದಿದ್ದರೆ ಆಗ ಮಾಡಿಸಿಬಿಡಿ. ವಿಟಮಿನ್ ಡಿ ಹನಿ ಕೊಡುತ್ತಿದ್ದರೆ ಎದೆಹಾಲಿನ ಜೊತೆ ಅದನ್ನೂ ನಿಲ್ಲಿಸಬೇಡಿ, ಎಷ್ಟು ದಿನ ಎಂದು ನಿಮ್ಮ ವೈದ್ಯರನ್ನು ಕೇಳಿ. ಇನ್ನೊಂದು ಕೆಲಸ: ನೀವು ಕೆಲಸಕ್ಕೆ ಹೋದಾಗ ಅವನನ್ನು ಯಾರು ನೋಡಿಕೊಳ್ಳುತ್ತಾರೋ ಅವರಿಗೆ ಬಾಯಲ್ಲಿ ಹೇಳುವುದರ ಜೊತೆಗೆ ಒಂದು ಚೀಟಿಯಲ್ಲಿ ಬರೆದುಕೊಡಿ. ಹಗಲಿನಲ್ಲಿ ಹಾಲು ಎಷ್ಟು, ಯಾವ ಹೊತ್ತಿಗೆ, ಲೋಟದಲ್ಲಿ ಮಾತ್ರ, ಮಧ್ಯೆ ಬಾಯಾರಿಕೆಗೆ ನೀರು, ಊಟ ಬೇಡವೆಂದು ಮುಖ ತಿರುಗಿಸಿದರೆ ಅದರ ಬದಲು ಹಾಲು ಕೊಡಬಾರದು ಎಂದು. ಈ ಕೊನೆಯದರ ಕೆಳಗೆ ಎರಡು ಗೆರೆ ಎಳೆಯಿರಿ.